ಮನೆಯ ಮಡಕೆಯಲ್ಲಿ ಹಣ್ಣಿನ ಸುರೆ

ಅರಸರ ದಿಗ್ವಿಜಯಗಳೂ ದೇವಾಲಯಗಳ ದಾನಶಾಸನಗಳೂ ಚರಿತ್ರೆಯ ವಿಷಯಗಳಾಗಿರುವಂತೆ, ಜನರು ಉಂಡುದೂ ಕುಡಿದುದೂ ಚರಿತ್ರೆಯ ವಿಷಯವೇ ಆಗಿರುತ್ತದೆ. ಒಂದು ಸೀಮೆಯ ಜನರು ಯಾವ ಧಾನ್ಯವನ್ನು ಬೆಳೆದರು, ಅದನ್ನು ಹೇಗೆ ಬೇಯಿಸಿದರು, ಯಾವ ಹಣ್ಣಿನ ರಸವನ್ನು ಅತಿಥಿಗೆ ನೀಡಿದರು ಎಂಬುದನ್ನು ಅರಿಯದೆ ಆ ಜನರನ್ನು ಅರಿತೆವೆನ್ನುವುದು ಸರಿಯಲ್ಲ. ಆದರೆ ಪಾನಗಳಲ್ಲಿ ಮದ್ಯದ ಮಾತು ಬಂದೊಡನೆ ವಿದ್ಯಾವಂತರ ಮನೆಗಳಲ್ಲಿ ಒಂದು ಸಂಕೋಚವು ತಲೆದೋರುತ್ತದೆ. ಕುಡಿತದಿಂದ ಕೆಟ್ಟ ಕುಟುಂಬಗಳನ್ನು ಕಂಡವರಿಗೆ ಈ ಸಂಕೋಚವು ಸಹಜವೇ ಸರಿ. ಆದರೂ ಆ ಕೇಡಿನ ಮೂಲವೆಲ್ಲಿದೆಯೆಂಬುದನ್ನು ತಿಳಿಯಬೇಕಾದರೆ ಮದ್ಯದ ಅಂಗಡಿಗಿಂತ ಹಿಂದಕ್ಕೆ ಹೋಗಿ ಗೃಹಸ್ಥನ ಮಡಕೆಯನ್ನು ನೋಡಬೇಕಾಗುತ್ತದೆ. ಶಿಕಾರಿಪುರ, ಸೊರಬ ಎಂಬ ಎರಡು ತಾಲ್ಲೂಕುಗಳು ಈ ವಿಚಾರಕ್ಕೆ ತಕ್ಕ ನೆಲವಾಗಿವೆ. ಬಗನಿಯ ಮರವನ್ನೂ ಕಾಡುಮಾವನ್ನೂ ಬಲ್ಲ ಈ ಸೀಮೆಯು ಈಗ ಅನಾನಸಿನ ಬೆಳೆಗೆ ಹೆಸರಾಗಿದೆ. ಮದ್ಯದ ವಿಷಯದಲ್ಲಿ ಇತ್ತೀಚೆಗೆ ನಡೆದ ಒಂದು ದೊಡ್ಡ ನಿರ್ಣಯಕ್ಕೂ ಇದೇ ಸೀಮೆಗೂ ಸಂಬಂಧವುಂಟು.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ಯುಕ್ತ. ಧಾನ್ಯವನ್ನು ನೀರಿನಲ್ಲಿ ಹುದುಗಿಸಿ, ಭಟ್ಟಿ ಇಳಿಸದೆ ಕುಡಿಯುವ ಪಾನವೇ ಬಿಯರು. ಯುರೋಪಿನಲ್ಲಿ ಅದಕ್ಕೆ ಯವೆ ಅಥವಾ ಬಾರ್ಲಿ ಮುಖ್ಯ. ಹಿಂದೂಸ್ಥಾನದಲ್ಲಿ ಅಕ್ಕಿಯೇ ಮುಖ್ಯ. ಸಂಸ್ಕೃತದ 'ಸುರೆ'ಯೆಂಬ ಶಬ್ದವು ವಿಶೇಷವಾಗಿ ಇಂತಹ ಧಾನ್ಯದ ಪಾನಕ್ಕೇ ಸಲ್ಲುತ್ತದೆ. ಹಣ್ಣಿನಲ್ಲಿ ಸಕ್ಕರೆಯು ತಾನಾಗಿಯೇ ಇರುತ್ತದೆ. ಆದುದರಿಂದ ಅದರ ರಸವನ್ನು ಸುಮ್ಮನೆ ಇಟ್ಟರೂ ಸಿಪ್ಪೆಯ ಮೇಲಣ ಸೂಕ್ಷ್ಮಜೀವಿಗಳಿಂದ ಅದು ಹುದುಗೇಳುವುದು. ಧಾನ್ಯದಲ್ಲಿರುವುದು ಪಿಷ್ಟ. ಪಿಷ್ಟವು ಮೊದಲು ಸಕ್ಕರೆಯಾಗಿ ಒಡೆದಲ್ಲದೆ ಮದ್ಯವಾಗದು. ಯುರೋಪಿನವರು ಬಾರ್ಲಿಯನ್ನು ಮೊಳೆಯಿಸಿ ಈ ಕಾರ್ಯವನ್ನು ಸಾಧಿಸಿದರು. ಪೂರ್ವದೇಶಗಳವರು ಬೂಷ್ಟು ಕಟ್ಟಿದ ಹಿಟ್ಟಿನ ಉಂಡೆಗಳಿಂದ, ಅಂದರೆ ಒಂದು ಬಗೆಯ ಹೆಪ್ಪಿನಿಂದ, ಸಾಧಿಸಿದರು. ಹಣ್ಣಿನ ಸುವಾಸನೆಯುಳ್ಳ ಬಿಯರೆಂದರೆ ಈ ಎರಡು ಮಾರ್ಗಗಳ ಸಂಗಮ: ಮೈಯೆಲ್ಲ ಧಾನ್ಯದ್ದು, ಪರಿಮಳ ಹಣ್ಣಿನದು. ಬೆಲ್ಜಿಯಂ ದೇಶದಲ್ಲಿ ಮಾಗಿದ ಬಿಯರಿಗೆ ಚೆರಿ ಹಣ್ಣುಗಳನ್ನು ಹಾಕಿ ಮಾಡುವ ಪಾನವು ಲೋಕಪ್ರಸಿದ್ಧವಾಗಿದೆ. ಇದನ್ನು ಪರದೇಶದ ಹೊಸ ರುಚಿಯೆಂದು ಎಣಿಸುವವರು ಮೈಸೂರಿನಲ್ಲಿ ಬೆಳಕು ಕಂಡ ಒಂದು ಗ್ರಂಥವನ್ನು ತೆರೆದು ನೋಡಬೇಕು.

ಆ ಗ್ರಂಥವೇ ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಈ ಕೃತಿಯ ತಾಳೆಯೋಲೆಯ ಪ್ರತಿಯೊಂದು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದು ಸೇರಲು, ಅಲ್ಲಿನ ಪಂಡಿತ ಆರ್. ಶಾಮಶಾಸ್ತ್ರಿಗಳು ಅದರ ಮಹತ್ವವನ್ನು ಅರಿತು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ರಾಜನೀತಿಯ ಗ್ರಂಥವೆಂದು ಲೋಕವೆಲ್ಲ ಅದನ್ನು ಕೊಂಡಾಡಿತು. ಆದರೆ ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಅದು ಮದ್ಯ ತಯಾರಿಸುವವರ ಕೈಪಿಡಿಯೋ ಎಂಬಷ್ಟು ವಿವರವಾಗಿದೆ.

ಮೇದಕವೆಂಬ ಅಕ್ಕಿಯ ಪಾನಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಲ್ಲಿ ವಿಧಿಸಿದೆ. ನಾಲ್ಕು ಪ್ರಸ್ಥಗಳಿಗೆ ಒಂದು ಆಢಕ, ನಾಲ್ಕು ಆಢಕಗಳಿಗೆ ಒಂದು ದ್ರೋಣ. ಆದುದರಿಂದ 16 ಪಾಲು ನೀರಿಗೆ 2 ಪಾಲು ಅಕ್ಕಿಯೂ 3 ಪಾಲು ಕಿಣ್ವವೂ ಆಯಿತು. ಅಕ್ಕಿಗಿಂತ ಹೆಪ್ಪೇ ಹೆಚ್ಚಾಗಿರುವುದು ಗಮನಾರ್ಹ. ಆಸವಕ್ಕೆ ಒಂದು ತುಲಾ ಬೇಲದ ಹಣ್ಣು, ಐದು ತುಲಾ ಫಾಣಿತ, ಒಂದು ಪ್ರಸ್ಥ ಜೇನು. ಫಾಣಿತವೆಂದರೆ ಕಬ್ಬಿನ ರಸವನ್ನು ಗಟ್ಟಿಯಾಗುವ ಮೊದಲೇ ಇಳಿಸಿದ ಪಾಕ. ಮಲೆನಾಡಿನ ಆಲೆಮನೆಗಳಲ್ಲಿ ದೊರೆಯುವ ಜೋನಿಬೆಲ್ಲವನ್ನು ಬಲ್ಲವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಬಳಿಕ ಸುರೆಯ ಭೇದಗಳನ್ನು ಎಣಿಸುವಾಗ ಗ್ರಂಥಕಾರನು 'ಸಹಕಾರಸುರೆ'ಯನ್ನು ಹೆಸರಿಸುತ್ತಾನೆ. ಸಹಕಾರವೆಂದರೆ ಸುಗಂಧವುಳ್ಳ ಮಾವು. ಹೀಗೆ ಮಾವಿನ ಪರಿಮಳವುಳ್ಳ ಧಾನ್ಯದ ಪಾನವು ಪ್ರಾಚೀನ ಶಾಸ್ತ್ರಕಾರನಿಗೆ ಹೆಸರಿಟ್ಟು ಹೇಳುವಷ್ಟು ಪರಿಚಿತವಾಗಿತ್ತು.

ಎಲ್ಲಕ್ಕಿಂತ ಕುತೂಹಲಕರವಾದುದು ಕಿಣ್ವದ ವಿಧಾನ. ಒಂದು ದ್ರೋಣ ಉದ್ದಿನ ಹಿಟ್ಟು, ಹಸಿಯದಾಗಲಿ ಬೆಂದುದಾಗಲಿ. ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿ ಅಕ್ಕಿ. ಜೊತೆಗೆ ಮೊರಟವೇ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಉದ್ದು ಮತ್ತು ಅಕ್ಕಿ! ಕನ್ನಡನಾಡಿನ ಯಾವ ಗೃಹಿಣಿಯೂ ಈ ಜೋಡಿಯನ್ನು ಗುರುತಿಸದೆ ಇರಲಾರಳು. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ ಹುಳಿಯೇರುವುದೂ, ಸುರೆಯ ಕಿಣ್ವವು ಮಡಕೆಯಲ್ಲಿ ನೊರೆಯೆಬ್ಬಿಸುವುದೂ ಒಂದೇ ಪ್ರಕೃತಿಧರ್ಮದ ಎರಡು ಮುಖಗಳು. ಮೊದಲನೆಯದರಲ್ಲಿ ಹುಳಿಗೊಳಿಸುವ ಜೀವಿಗಳು ಮೇಲುಗೈಯಾಗಿರುತ್ತವೆ. ಎರಡನೆಯದರಲ್ಲಿ ಸಕ್ಕರೆಯನ್ನು ಮದ್ಯಸಾರವಾಗಿಸುವ ಯೀಸ್ಟು ಮೇಲುಗೈಯಾಗುವಂತೆ ನೋಡಿಕೊಳ್ಳಬೇಕು. ಇತ್ತೀಚಿನ ಕನ್ನಡ ವಿಜ್ಞಾನ ಗ್ರಂಥಗಳಲ್ಲಿ 'ಕಿಣ್ವ'ವೆಂಬ ಮಾತೇ ಜೀವಕೋಶಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ವಸ್ತುವಿಗೆ ಹೆಸರಾಗಿದೆ. 1897ರಲ್ಲಿ ಜರ್ಮನಿಯ ಬುಖ್ನರನು ಯೀಸ್ಟನ್ನು ಅರೆದು ಹಿಂಡಿದ ನಿರ್ಜೀವ ರಸವೂ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ತೋರಿಸಿದನು. ಅದನ್ನು ನೆನೆದರೆ ಹಳೆಯ ಹೆಸರು ಹೊಸ ಅರ್ಥಕ್ಕೆ ಎಷ್ಟು ಒಪ್ಪಿದೆಯೆಂಬುದು ತಿಳಿಯುವುದು.

ಅರ್ಥಶಾಸ್ತ್ರದ ಸುರಾಪ್ರಕರಣದಲ್ಲಿ ಈ ಪಾಕವಿಧಿಗಳಿಗಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಸುರೆಯ ತಯಾರಿಕೆಯೂ ಮಾರಾಟವೂ ಅಲ್ಲಿ ರಾಜನ ಹತೋಟಿಗೆ ಒಳಪಟ್ಟಿವೆ. ಯಾರಿಗೆ ಎಷ್ಟು ಕೊಡಬೇಕು, ಯಾರು ಹೊರಗೆ ಕೊಂಡೊಯ್ಯಬಹುದು ಎಂಬುದಕ್ಕೂ ಕಟ್ಟಳೆಗಳುಂಟು. ಆದರೂ ಗೃಹಸ್ಥರು ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ, ಅಥವಾ ಇಂತಹ ಬೇರೊಂದನ್ನೂ ತಾವೇ ಮಾಡಿಕೊಳ್ಳಬಹುದೆಂದು ಶಾಸ್ತ್ರಕಾರನು ಅನುಮತಿಸುತ್ತಾನೆ. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿವಸಗಳ ಮಟ್ಟಿಗೆ ಸುರೆಯ ಸ್ವಾತಂತ್ರ್ಯವನ್ನು ಕೊಡಬೇಕೆನ್ನುತ್ತಾನೆ. ಅನುಮತಿಯಿಲ್ಲದೆ ಮಾಡಿದವರಿಂದ ಉತ್ಸವ ಮುಗಿಯುವವರೆಗೆ ದಿನಕ್ಕಿಷ್ಟೆಂದು ದಂಡವನ್ನು ತೆಗೆದುಕೊಳ್ಳಬೇಕೆನ್ನುತ್ತಾನೆ. ಸುರೆ ಮತ್ತು ಕಿಣ್ವದ ಸಾಮಗ್ರಿಗಳನ್ನು ಆಯುವ ಕೆಲಸವನ್ನು ಹೆಂಗಸರೂ ಮಕ್ಕಳೂ ಮಾಡತಕ್ಕದ್ದೆಂದೂ ಹೇಳಿದೆ. ಗೃಹಸ್ಥನಿಗೆ ಅನುಮತಿಯುಂಟು, ಆದರೆ ಅದಕ್ಕೊಂದು ಸಂದರ್ಭವಿರಬೇಕು. ಬಿಡುವುಂಟು, ಆದರೆ ಅದಕ್ಕೆ ದಿನಗಳ ಲೆಕ್ಕವಿರಬೇಕು. ಈ ಎರಡು ಕಟ್ಟುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಚರಿತ್ರೆಯೆಲ್ಲವೂ ಇವು ಸಡಿಲಿದುದರ ಕಥೆಯೇ ಆಗಿದೆ.

ಇಂತಹ ವಿಧಾನವನ್ನು ಓದಿ ಹೊಸದಾಗಿ ಕೈಹಾಕುವವನ ಗತಿಯೇನು? ಶಾಸ್ತ್ರವು ಅಳತೆಯನ್ನು ಹೇಳುತ್ತದೆಯೇ ಹೊರತು ಕೈಗುಣವನ್ನು ಹೇಳುವುದಿಲ್ಲ. ಹಣ್ಣಿನ ಬಿಯರನ್ನು ಮೊದಲ ಸಲ ಮಾಡಹೊರಟವನು ಯಾವ ದೇಶದಲ್ಲಿದ್ದರೂ ಎಡವುವ ಸ್ಥಳಗಳು ಹೆಚ್ಚು ಕಡಮೆ ಒಂದೇ.

ಮೊದಲನೆಯದು ಶುಚಿತ್ವ. ಪಾತ್ರೆಯಲ್ಲಿ ಹಳೆಯ ಕೊಳೆಯ ಒಂದು ಕಲೆಯಿದ್ದರೂ ಸಾಕು, ಹುಳಿಗೊಳಿಸುವ ಜೀವಿಗಳು ಯೀಸ್ಟಿಗಿಂತ ಮೊದಲೇ ಮನೆಮಾಡಿಕೊಳ್ಳುವುವು. ಬಿಯರು ಏಕೆ ಕೆಡುವುದೆಂಬ ಪ್ರಶ್ನೆಗಾಗಿಯೇ ಫ್ರಾನ್ಸಿನ ಲೂಯಿ ಪಾಸ್ತರನು 1876ರಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದನು. ಕೆಡುಕಿನ ಒಂದೊಂದು ಬಗೆಗೂ ಒಂದೊಂದು ಅನ್ಯಜೀವಿಯೇ ಕಾರಣವೆಂಬುದು ಅವನ ಸಿದ್ಧಾಂತದ ಸಾರ. ಎರಡನೆಯದು ಹಣ್ಣನ್ನು ಹಾಕುವ ಹೊತ್ತು. ಮೊದಲೇ ಹಾಕಿದರೆ, ಏಳುವ ನೊರೆಯೊಡನೆ ಪರಿಮಳವೂ ಹಾರಿಹೋಗುತ್ತದೆ. ಉಬ್ಬರವು ಇಳಿಯುತ್ತ ಬಂದಾಗ ಹಾಕಿದರೆ ಉಳಿಯುತ್ತದೆ. ಅನಾನಸಿನಂತಹ ಹಣ್ಣಿಗೆ ಮತ್ತೊಂದು ಗುಣವಿದೆ. ಅದರ ಹಸಿರಸದಲ್ಲಿ ಸಸಾರಜನಕವನ್ನು ಜೀರ್ಣಿಸುವ ಕಿಣ್ವವಿರುವುದರಿಂದ ಬಿಯರಿನ ನೊರೆಯು ನಿಲ್ಲದು. ರಸವನ್ನು ಕುದಿಸಿದರೆ ಆ ಕಿಣ್ವವು ನಾಶವಾಗುತ್ತದೆ, ಜೊತೆಗೆ ತಾಜಾ ವಾಸನೆಯೂ ಸ್ವಲ್ಪ ಕುಂದುತ್ತದೆ. ಎರಡನ್ನೂ ಬಯಸಿದವನು ಒಂದನ್ನು ಬಿಡಲೇಬೇಕು.

ಮೂರನೆಯದು ತಾಳ್ಮೆ. ಸಕ್ಕರೆಯು ಹುದುಗುವಾಗ ತೂಕದಲ್ಲಿ ಅರ್ಧದಷ್ಟು ಮದ್ಯಸಾರವೂ ಉಳಿದರ್ಧದಷ್ಟು ಇಂಗಾಲಾಮ್ಲ ವಾಯುವೂ ಆಗುತ್ತವೆ. ಹುದುಗು ಮುಗಿಯುವ ಮೊದಲೇ ಅವಸರದಿಂದ ಸೀಸೆಗೆ ತುಂಬಿ ಬಿರಡೆ ಬಿಗಿದರೆ ಆ ವಾಯುವಿಗೆ ಹೊರದಾರಿಯಿಲ್ಲದೆ ಸೀಸೆಯೇ ಸಿಡಿಯುವುದು. ಹಣ್ಣಿನ ತಿರುಳು ಸೇರಿದ ಪಾನದಲ್ಲಿ ಸಕ್ಕರೆಯು ಅಡಗಿ ಕುಳಿತಿರುವುದರಿಂದ ಅಪಾಯವು ಇನ್ನೂ ಹೆಚ್ಚು. ರಾತ್ರಿಯ ನಿಶ್ಶಬ್ದದಲ್ಲಿ ಉಗ್ರಾಣದಿಂದ ಗಾಜೊಡೆದ ಸದ್ದನ್ನು ಕೇಳಿ ಎದ್ದ ಅನನುಭವಿಗಳ ಕಥೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಇಂತಹ ಪಾಠಗಳನ್ನು ಪುಸ್ತಕವು ಕಲಿಸುವುದಕ್ಕಿಂತ ಪಕ್ಕದಲ್ಲಿ ನಿಂತ ಹಿರಿಯರು ಚೆನ್ನಾಗಿ ಕಲಿಸುತ್ತಾರೆ. ಮೊಸರಿಗೆ ಹೆಪ್ಪು ಹಾಕುವ ಹದವನ್ನು ಯಾರೂ ಓದಿ ಕಲಿತವರಲ್ಲ. ಬೆರಳನ್ನು ಹಾಲಿನಲ್ಲಿಟ್ಟು ಬಿಸಿಯನ್ನು ನೋಡುವುದನ್ನು ತಾಯಿಯಿಂದ ಕಂಡು ಕಲಿತರು. ಮದ್ಯದ ಹುದುಗೂ ಅದೇ ಜಾತಿಯ ವಿದ್ಯೆ.

ಈ ವಿದ್ಯೆಯು ಶಿಕಾರಿಪುರ, ಸೊರಬಗಳ ಕಡೆಯಲ್ಲಿ ಯಾವ ರೂಪದಲ್ಲಿತ್ತೆಂಬುದನ್ನು ಇನ್ನು ನೋಡಬೇಕು. ವರದಾನದಿಯು ಸೊರಬದ ಸೀಮೆಯನ್ನು ಹಾಯ್ದು ಬನವಾಸಿಯನ್ನು ಬಳಸಿ ಹರಿಯುತ್ತದೆ. ಕದಂಬರ ರಾಜಧಾನಿಯಾಗಿದ್ದ ಬನವಾಸಿ, ಅವರ ವಂಶಕಥನವನ್ನು ಹೇಳುವ ಸ್ತಂಭಶಾಸನವುಳ್ಳ ತಾಳಗುಂದ, ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ಮುಖ್ಯಪಟ್ಟಣವಾಗಿದ್ದ ಬಳ್ಳಿಗಾವೆ, ಇವೆಲ್ಲವೂ ಒಂದೇ ಸೀಮೆಯೊಳಗಿವೆ. ಕೊನೆಯ ಎರಡೂ ಶಿಕಾರಿಪುರದ ತಾಲ್ಲೂಕಿನವೇ. ಬನವಾಸಿಯನ್ನು ನೆನೆನೆನೆದು ಹಂಬಲಿಸಿದ ಪಂಪನು 941ರ ಸುಮಾರಿನ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಸೂಳೆಗೇರಿಯ ಪಾನಗೋಷ್ಠಿಯನ್ನೂ ವರ್ಣಿಸಿದ್ದಾನೆ. ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಕ್ರೀಡೆಗಳನ್ನು ಎಣಿಸುವಾಗ ಮದಿರಾಪಾನವೂ ಒಂದಾಗಿ ಬರುತ್ತದೆ. ಅದೇ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನು ಶರಣರ ಗಣದಲ್ಲಿ ಸ್ಥಾನ ಪಡೆದು ವಚನಗಳನ್ನು ರಚಿಸಿದನು. ಬಳ್ಳಿಗಾವೆಯ ಅಲ್ಲಮನೂ ಉಡುತಡಿಯ ಅಕ್ಕಮಹಾದೇವಿಯೂ ಅದೇ ಗಣದವರು. ಹೀಗೆ ಅರಮನೆಯಲ್ಲಿ ವಿಲಾಸ, ಬೀದಿಯಲ್ಲಿ ವ್ಯಾಪಾರ, ಕಾವ್ಯದಲ್ಲಿ ವರ್ಣನೆ, ಈ ಮೂರೂ ದೊರೆಯುತ್ತವೆ. ಗೃಹಸ್ಥನ ಅಡಿಗೆಯ ಮನೆಗಾದರೋ ಕನ್ನಡದ ಶಾಸ್ತ್ರಕಾರರು ಬೇರೊಂದು ದಾರಿಯನ್ನು ತೋರಿಸಿದರು. 16ನೆಯ ಶತಮಾನದ ಮೂರನೆಯ ಮಂಗರಸನ ಸೂಪಶಾಸ್ತ್ರದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವಿದೆ. ಜೈನ, ಬ್ರಾಹ್ಮಣ, ಲಿಂಗಾಯತ ಮನೆಗಳಲ್ಲಿ ಹಣ್ಣಿನ ರಸವು ಪಾನಕವಾಗಿಯೇ ನಿಂತಿತು. ಹುಳಿಯೇರುವ ಮೊದಲೇ ಅದನ್ನು ಕುಡಿದು ಮುಗಿಸುವುದು ಆಚಾರವಾಯಿತು. ಹುದುಗಿದ ದ್ರವವು ಆ ಮನೆಗಳಿಗೆ ಪ್ರವೇಶಿಸಿದುದು ವೈದ್ಯನ ಮೂಲಕ, ದ್ರಾಕ್ಷಾರಿಷ್ಟವೆಂದೋ ಕುಮಾರ್ಯಾಸವವೆಂದೋ ಔಷಧದ ಹೆಸರಿನಲ್ಲಿ. ಬೆಲ್ಲದ ನೀರಿಗೆ ಧಾತಕೀಪುಷ್ಪವನ್ನು ಬೆರಸಿ, ಬಾಯಿಗೆ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಇಡುವ ಆ ಭಾಂಡವೂ ಒಂದು ಹುದುಗಿನ ಮಡಕೆಯೇ.

ಇತರರ ಮನೆಗಳಲ್ಲಿ, ವಿಶೇಷವಾಗಿ ಮಲೆನಾಡಿನ ಅಂಚಿನಲ್ಲಿ, ಪಾನವನ್ನು ಕೊಟ್ಟುದು ಬಗನಿಯ ಮರ. ಅಡಕೆ ತೆಂಗುಗಳ ಕುಲಕ್ಕೇ ಸೇರಿದ ಈ ಮರವು ಹಲವು ವರ್ಷ ಬೆಳೆದ ಮೇಲೆ ಜಡೆಯಂತೆ ಜೋಲುವ ಹೂಗೊನೆಗಳನ್ನು ಬಿಡುತ್ತದೆ. ಮೊದಲ ಗೊನೆ ತುದಿಯಲ್ಲಿ ಹುಟ್ಟಿ, ಮುಂದಿನವು ಒಂದಕ್ಕಿಂತ ಒಂದು ಕೆಳಗೆ ಹುಟ್ಟುತ್ತ, ಕೊನೆಯ ಗೊನೆ ಮುಗಿಯಲು ಮರವೇ ಸಾಯುತ್ತದೆ. ಗೊನೆಯನ್ನು ಕೊಯ್ದು ಇಳಿಸಿದ ರಸವು ಬೆಳಗ್ಗೆ ಸಿಹಿ, ಮಧ್ಯಾಹ್ನಕ್ಕೆ ನೊರೆ, ಮರುದಿನಕ್ಕೆ ಹುಳಿ. ಮಡಕೆಯ ಒಳಗೆ ಸುಣ್ಣವನ್ನು ಬಳಿದರೆ ಹುದುಗು ನಿಂತು ಸಿಹಿರಸವು ಉಳಿಯುತ್ತದೆ. ಅದನ್ನು ಕಾಸಿದರೆ ಬೆಲ್ಲ. ಹೊಸಬನ ತಾಳ್ಮೆಯನ್ನು ಪರೀಕ್ಷಿಸುವ ವಿದ್ಯೆಯಿದು. ಮರವು ಎಂದು ಪಕ್ವವಾಯಿತು, ಎಲ್ಲಿ ಕೊಯ್ಯಬೇಕು, ಎಷ್ಟು ತೆಳುವಾಗಿ ಕೊಯ್ಯಬೇಕು ಎಂಬುದು ಮರವೇರಿದವನ ಕೈಗಲ್ಲದೆ ಕಣ್ಣಿಗೂ ತಿಳಿಯದು.

ಈ ವಿದ್ಯೆಯನ್ನು ಬಲ್ಲವರು ಹಳೇಪೈಕರು. ಸೊರಬ, ಸಾಗರಗಳ ಕಡೆಯಲ್ಲಿ ಅವರನ್ನು ದೀವರೆಂದು ಕರೆಯುತ್ತಾರೆ. 1801ರಲ್ಲಿ ಬನವಾಸಿ, ಚಂದ್ರಗುತ್ತಿ, ಇಕ್ಕೇರಿಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಘಟ್ಟದ ಕೆಳಗಿನ ಹಳೇಪೈಕರ ವೃತ್ತಿಯು ತಾಳಜಾತಿಯ ಮರಗಳ ರಸವನ್ನು ತೆಗೆಯುವುದೆಂದು ಬರೆದಿಟ್ಟನು. ಹಳೆಯ ಪದಾತಿಗಳೆಂಬ ಅರ್ಥವನ್ನು ಅವರ ಹೆಸರಿಗೆ ಹೇಳುವುದುಂಟು. ಬರೆದವರ ಪುಸ್ತಕಗಳಲ್ಲಿ ಅವರು ಕಳ್ಳಿಳಿಸುವವರಾಗಿ ನಿಂತುಹೋದರೂ, ಅವರ ಬಾಳು ಮುಖ್ಯವಾಗಿ ಗದ್ದೆಯ ಬಾಳು. ಆಶ್ವಯುಜದ ಹುಣ್ಣಿಮೆಯಂದು, ಬಸುರಿಗೆ ಬಯಕೆಯೂಟವನ್ನು ನೀಡುವಂತೆ, ತೆನೆಗಟ್ಟುವ ಗದ್ದೆಗೆ ಅಡಿಗೆಯನ್ನು ಒಯ್ದು ಅರ್ಪಿಸುವ ಭೂಮಿಹುಣ್ಣಿಮೆಯೂ, ಅದಕ್ಕಾಗಿ ಹೆಂಗಸರು ಬುಟ್ಟಿಯ ಮೇಲೆ ಬರೆಯುವ ಚಿತ್ತಾರವೂ ಅವರ ಹೆಸರನ್ನು ಈಗ ದೂರದವರೆಗೆ ಒಯ್ದಿವೆ. ಬಗನಿಯ ಪಾನವು ಅಂತಹ ಬಾಳಿನಲ್ಲಿ ಒಂದು ಅಂಶ ಮಾತ್ರ. ಮರವು ಕೊಟ್ಟಷ್ಟೇ ದೊರೆಯುವುದು, ಮರುದಿನಕ್ಕೆ ಉಳಿಯದು, ದೂರಕ್ಕೆ ಒಯ್ಯಬಾರದು. ಶಾಸ್ತ್ರಕಾರನು ನಾಲ್ಕು ದಿವಸಗಳ ಕಟ್ಟನ್ನು ಹಾಕಿದನು. ಇಲ್ಲಿ ಮರವೇ ಒಂದು ದಿವಸದ ಕಟ್ಟನ್ನು ಹಾಕಿತ್ತು.

ಈ ಕಟ್ಟು ಸಡಿಲಿದುದು ಭಟ್ಟಿಯಿಂದ ಮತ್ತು ಗುತ್ತಿಗೆಯಿಂದ. ಭಟ್ಟಿಯಿಳಿಸಿದ ಸಾರಾಯಿಯು ಕೆಡುವುದಿಲ್ಲ. ಕೆಡದಿರುವ ಕಾರಣ ಅದನ್ನು ಕೂಡಿಡಬಹುದು, ಗಾಡಿಯಲ್ಲಿ ಸಾಗಿಸಬಹುದು, ವರ್ಷದ ಎಲ್ಲ ದಿವಸಗಳಲ್ಲಿಯೂ ಮಾರಬಹುದು. ಸರಕಾರಗಳಿಗೆ ಇದು ಬಹು ಅನುಕೂಲವಾದ ವರಮಾನವಾಯಿತು. ಮಾರುವ ಹಕ್ಕನ್ನು ಹರಾಜಿನಲ್ಲಿ ಹೆಚ್ಚು ಹಣ ಕೂಗಿದವನಿಗೆ ಕೊಡುವ ಪದ್ಧತಿ ನೆಲೆಗೊಂಡಿತು. ಕೂಗಿದ ಹಣವನ್ನು ತಿರುಗಿ ಪಡೆಯಬೇಕಾದರೆ ಗುತ್ತಿಗೆದಾರನು ಹೆಚ್ಚು ಮಾರಲೇಬೇಕು. ಗೃಹಸ್ಥನು ತನ್ನ ಮಡಕೆಯಲ್ಲಿ ತಾನೇ ಹುದುಗಿಸಿಕೊಂಡರೆ ಆ ಮಾರಾಟಕ್ಕೆ ಕುಂದು. ಆದುದರಿಂದ ಮನೆಯ ಮಡಕೆ ಅಪರಾಧವಾಯಿತು, ಅಂಗಡಿಯ ಪೀಪಾಯಿ ಧರ್ಮಸಮ್ಮತವಾಯಿತು. ಇದೇ ಕಾಲದಲ್ಲಿ ಪರದೇಶದ ಬಿಯರೂ ದಂಡಿನ ಸಿಪಾಯಿಗಳ ಸಲುವಾಗಿ ದಕ್ಷಿಣದಲ್ಲಿ ತಯಾರಾಗತೊಡಗಿತು. ಬೇರೆ ಬೇರೆಯಾಗಿದ್ದ ಕಾರಖಾನೆಗಳು ಕೂಡಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆಯಿತು. 1947ರಲ್ಲಿ ವಿಠಲ ಮಲ್ಯರು ಅದರ ಆಡಳಿತ ಮಂಡಲಿಯನ್ನು ಸೇರಿದ ಮೊದಲ ಭಾರತೀಯರಾದರು.

ಸಾರಾಯಿಯ ಅಂಗಡಿಯ ಕೇಡನ್ನು ಕಂಡ ಜನರ ಕೋಪವು ಸ್ವಾತಂತ್ರ್ಯದ ಹೋರಾಟದೊಡನೆ ಬೆರೆಯಿತು. 1939ರಲ್ಲಿ ನೆರೆಯ ಚಿತ್ರದುರ್ಗದ ತುರುವನೂರಿನಲ್ಲಿ ಈಚಲುಮರಗಳನ್ನು ಕಡಿದು ಸತ್ಯಾಗ್ರಹ ನಡೆಸಲಾಯಿತು, ಎಸ್. ನಿಜಲಿಂಗಪ್ಪನವರು ಅದರಲ್ಲಿ ಮುಂದಾಳಾಗಿದ್ದರು. ಪಾನನಿಷೇಧವು ಸಂವಿಧಾನದ 47ನೆಯ ಅನುಚ್ಛೇದದಲ್ಲಿ ರಾಜ್ಯದ ಧ್ಯೇಯಗಳೊಳಗೆ ಸೇರಿತು. ಆದರೆ ಮೈಸೂರು ರಾಜ್ಯದಲ್ಲಿ ಜಾರಿಗೆ ಬಂದ ನಿಷೇಧವನ್ನು 1967ರಲ್ಲಿ ತೆಗೆದುಹಾಕಲಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರೂ ಅದೇ ನಿಜಲಿಂಗಪ್ಪನವರು. ಮರವನ್ನು ಕಡಿದ ಕೈಯಿಂದಲೇ ನಿಷೇಧವೂ ತೆಗೆಯಲ್ಪಟ್ಟಿತೆಂಬುದನ್ನು ಆಕ್ಷೇಪಿಸುವುದು ಸುಲಭ; ಬೊಕ್ಕಸದ ಒತ್ತಾಯವೂ ಕಳ್ಳಭಟ್ಟಿಯ ಹಾವಳಿಯೂ ಎಷ್ಟು ಬಲವಾದುವೆಂಬುದನ್ನು ಅದರಿಂದ ಅರಿಯುವುದು ಹೆಚ್ಚು ಪ್ರಯೋಜನಕರ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮಿಶ್ರಿತ ಸಾರಾಯಿಯನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಜನರು ಮಡಿದರು. ಇಂತಹ ದುರಂತಗಳಲ್ಲಿ ಕೊಲ್ಲುವುದು ಮನೆಯ ಹುದುಗಲ್ಲ. ಲಾಭಕ್ಕಾಗಿ ಬೆರಸುವ ಮಿಥೈಲ್ ಮದ್ಯಸಾರ.

ಮಲೆನಾಡಿನಲ್ಲಿಯೂ ಬಯಲುನಾಡಿನಲ್ಲಿಯೂ ಹೆಂಗಸರು ಸಾರಾಯಿಯ ಅಂಗಡಿಗಳ ವಿರುದ್ಧ ವರ್ಷಾನುಗಟ್ಟಲೆ ಮೊರೆಯಿಟ್ಟರು. ಕೊನೆಗೆ ಕರ್ನಾಟಕ ಸರಕಾರವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಆಗ ಉಪಮುಖ್ಯಮಂತ್ರಿಯೂ ಹಣಕಾಸಿನ ಮಂತ್ರಿಯೂ ಆಗಿದ್ದವರು ಶಿಕಾರಿಪುರದ ಪ್ರತಿನಿಧಿಯಾದ ಬಿ. ಎಸ್. ಯಡಿಯೂರಪ್ಪನವರು. ಅದೇ 2007ರಲ್ಲಿ ಇನ್ನೊಂದು ನಿರ್ಣಯವೂ ಆಯಿತು: ದ್ರಾಕ್ಷಿಯ ಮದ್ಯವನ್ನು ಉದ್ಯಮವಾಗಿ ಬೆಳೆಸಲು ಸರಕಾರವು ಪ್ರತ್ಯೇಕ ನೀತಿಯೊಂದನ್ನು ಹೊರಡಿಸಿತು. ಬಡವನ ಬಟ್ಟಲು ಮುಚ್ಚಿದ ವರ್ಷದಲ್ಲಿಯೇ ದ್ರಾಕ್ಷಾರಸದ ಬಟ್ಟಲಿಗೆ ಉತ್ತೇಜನ ದೊರೆಯಿತು. ಮರುವರ್ಷ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು, ಕೋಲಾರಗಳಲ್ಲಿಯೂ ನೆರೆಯ ತಮಿಳುನಾಡಿನ ಗಡಿಯಲ್ಲಿಯೂ ಕಳ್ಳಸಾರಾಯಿಗೆ ನೂರಕ್ಕೂ ಮಿಕ್ಕಿ ಜನರು ಬಲಿಯಾದರು. ನಿಷೇಧವು ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ಅಂಗಡಿಯ ಬಾಗಿಲನ್ನು ಮುಚ್ಚಿದ ಮಾತ್ರಕ್ಕೆ ಹಳೆಯ ಮಿತಿಯು ತಾನಾಗಿ ಹಿಂತಿರುಗುವುದಿಲ್ಲವೆಂಬುದು ಮಾತ್ರ ಸಿದ್ಧವಾಗುತ್ತದೆ.

ಇತ್ತ 2010ರ ಅನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಪರವಾನಗಿ ಪಡೆದ ಕಿರು ಬ್ರೂವರಿಗಳು ತಲೆಯೆತ್ತಿದುವು. ಮಾವಿನ ಕಾಲದಲ್ಲಿ ಅಲ್ಲಿ ಮಾವಿನ ಬಿಯರು ದೊರೆಯುತ್ತದೆ. ಕೌಟಿಲ್ಯನ ಸಹಕಾರಸುರೆಯು ಎರಡು ಸಾವಿರ ವರ್ಷಗಳ ಆಚೆಯಿಂದ ಹೀಗೆ ಹಿಂತಿರುಗಿ ಬಂದಿದೆ. ಅದನ್ನು ಕುಡಿಯುವವರಾಗಲಿ ಮಾಡುವವರಾಗಲಿ ಅದರ ಹಳೆಯ ಹೆಸರನ್ನು ಅರಿತಿರಬೇಕಾದ ಅಗತ್ಯವೂ ತೋರದು. ಆದರೆ ಗ್ರಂಥದಲ್ಲಿ ಅದರ ಪಕ್ಕದಲ್ಲಿಯೇ ಇದ್ದ ಗೃಹಸ್ಥನ ಅನುಮತಿಯು ಹಿಂತಿರುಗಿಲ್ಲ. 1965ರ ಅಬಕಾರಿ ಕಾಯ್ದೆಯ ಮೇರೆಗೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ.

ಈ ಸಂಗತಿಯು ಸೊರಬದ ಹೊಲಗಳಲ್ಲಿ ಒಂದು ವಿಚಿತ್ರ ರೂಪವನ್ನು ತಾಳುತ್ತದೆ. ಪೋರ್ಚುಗೀಸರು 16ನೆಯ ಶತಮಾನದಲ್ಲಿ ಅಮೆರಿಕದಿಂದ ತಂದ ಅನಾನಸು ಇಂದು ಸೊರಬ, ಬನವಾಸಿಗಳ ಕಡೆಯಲ್ಲಿ ದೊಡ್ಡ ಬೆಳೆಯಾಗಿದೆ. ಹಣ್ಣು ಒಮ್ಮೆಗೇ ಪಕ್ವವಾಗುತ್ತದೆ. ಕೊಯ್ದ ಮೇಲೆ ಕಾಯದು. 2020ರ ಬೇಸಗೆಯಲ್ಲಿ, ಸಾಂಕ್ರಾಮಿಕದ ಕಾರಣ ಮಾರುಕಟ್ಟೆಗಳು ಮುಚ್ಚಿ ಲಾರಿಗಳು ನಿಂತಾಗ, ಹೊಲದಲ್ಲಿಯೇ ಹಣ್ಣು ಕೊಳೆಯಿತು. ಕೊಳೆಯುವ ಅನಾನಸಿನ ವಾಸನೆಯನ್ನು ಬಲ್ಲವರಿಗೆ ಅದರಲ್ಲಿ ಹುದುಗಿನ ವಾಸನೆಯೂ ಸೇರಿರುವುದು ಗೊತ್ತು. ಅನಾನಸಿನ ತವರಾದ ಅಮೆರಿಕದ ಮೆಕ್ಸಿಕೋ ದೇಶದಲ್ಲಿ ಅದರ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ದಿವಸ ಹುದುಗಿಸಿ, ತೀರ ಅಲ್ಪ ಮದ್ಯಸಾರವುಳ್ಳ 'ತೆಪಾಚೆ'ಯೆಂಬ ಪಾನವನ್ನು ಮನೆಮನೆಯಲ್ಲಿಯೂ ಬೀದಿಯಲ್ಲಿಯೂ ಮಾಡುತ್ತಾರೆ. ಪ್ರಕೃತಿಯು ಸೊರಬದ ಹೊಲದಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಮಾಡುವ ಕೆಲಸವನ್ನು ರೈತನು ಮಡಕೆಯಲ್ಲಿ ಮಾಡಿದರೆ ಕಾಯ್ದೆಯು ಎದುರಾಗುತ್ತದೆ.

ಇದಕ್ಕೆ ಉತ್ತರವೇನೆಂಬುದನ್ನು ಚರಿತ್ರೆಯೊಂದೇ ಹೇಳಲಾರದು. ಕುಡಿತದಿಂದ ಮನೆ ಮುರಿದ ಹೆಂಗಸಿನ ಮಾತಿಗೆ ಮೊದಲ ಮನ್ನಣೆ ಸಲ್ಲಬೇಕು. ಆಕೆಯ ಮುಂದೆ ಹಣ್ಣಿನ ಪರಿಮಳದ ಮಾತನ್ನಾಡುವುದು ಲಘುವಾಗಿ ತೋರಬಹುದು. ಆದರೆ ಆಕೆಯ ಮನೆಯನ್ನು ಮುರಿದುದು ಬಗನಿಯ ಮರದ ಒಂದು ದಿವಸದ ರಸವಲ್ಲ, ಶುಭಕಾರ್ಯದ ಶ್ವೇತಸುರೆಯೂ ಅಲ್ಲ. ವರ್ಷವಿಡೀ ತೆರೆದಿದ್ದ ಅಂಗಡಿ, ಅದರ ಹಿಂದಿನ ಹರಾಜು. ಪ್ರಾಚೀನರು ಗೃಹಸ್ಥನನ್ನು ನಂಬಿ ಅಂಗಡಿಯನ್ನು ಕಾವಲಿನಲ್ಲಿಟ್ಟರು. ಮುಂದಿನವರು ಗೃಹಸ್ಥನನ್ನು ಕಾವಲಿನಲ್ಲಿಟ್ಟು ಅಂಗಡಿಯನ್ನು ನಂಬಿದರು. ಎರಡರಲ್ಲಿ ಯಾವುದು ಹೆಚ್ಚು ಕೇಡನ್ನು ತಡೆಯಿತೆಂಬ ಪ್ರಶ್ನೆಯನ್ನು ಶಾಂತಚಿತ್ತದಿಂದ ವಿಚಾರಿಸುವ ಕಾಲವು ಬಂದಿದೆ.

ಅಲ್ಲಿಯವರೆಗೆ ವಿದ್ಯೆಯು ನಷ್ಟವಾಗುತ್ತಲೇ ಇರುತ್ತದೆ. ಬಗನಿಯನ್ನೇರಿ ಹದವನ್ನರಿತ ಕೈಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿವೆ. ಕಿಣ್ವದ ಉಂಡೆಯನ್ನು ಕಟ್ಟುವ ಕ್ರಮವು ಮೈಸೂರಿನಲ್ಲಿ ಅಚ್ಚಾದ ಗ್ರಂಥದ ಸೂತ್ರದಲ್ಲಿ ಉಳಿದುಕೊಂಡಿದೆ. ಆದರೆ ಉದ್ದನ್ನೂ ಅಕ್ಕಿಯನ್ನೂ ನೆನೆಯಿಸಿ, ರುಬ್ಬಿ, ಹದವಾಗಿ ಮುಚ್ಚಿಟ್ಟು, ಬೆಳಗಿನ ಜಾವದಲ್ಲಿ ಮುಚ್ಚಳವನ್ನು ತೆಗೆದು ಉಬ್ಬಿದೆಯೋ ಇಲ್ಲವೋ ಎಂದು ನೋಡುವ ಕೈ ಮಾತ್ರ ಶಿಕಾರಿಪುರದಲ್ಲಿಯೂ ಸೊರಬದಲ್ಲಿಯೂ ಪ್ರತಿಮನೆಯಲ್ಲಿ ಇದೆ. ಆ ವಿದ್ಯೆಯ ಅರ್ಧಭಾಗವು ಹೀಗೆ ಯಾರಿಗೂ ತಿಳಿಯದಂತೆ ದೋಸೆಯ ಪಾತ್ರೆಯಲ್ಲಿ ಬದುಕಿಕೊಂಡಿದೆ.